ಸಾಹಿತ್ಯದಲ್ಲಿ ಸಂಘರ್ಷದ ಸ್ವರೂಪ

ಕಥೆಯುಳ್ಳ ಕೃತಿಗೆ ಸಂಘರ್ಷವೇ ಜೀವಾಳ. ಬಯಸಿದುದು ಬಯಸಿದ ಕ್ಷಣದಲ್ಲಿಯೇ ಕೈಗೂಡಿದರೆ ಹೇಳತಕ್ಕ ಕಥೆಯೇ ಉಳಿಯುವುದಿಲ್ಲ. ನಾಟ್ಯಶಾಸ್ತ್ರವು ನಾಟಕದ ಕಾರ್ಯಕ್ಕೆ ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ಹೇಳುತ್ತದೆ. ಪ್ರಯತ್ನಕ್ಕೂ ಫಲಕ್ಕೂ ನಡುವೆ ತಲೆದೋರುವ ವಿಘ್ನ ವಿರೋಧಗಳನ್ನೇ ಇಂದಿನ ವಿಮರ್ಶೆ ಸಂಘರ್ಷವೆಂದು ಕರೆಯುತ್ತದೆ.

ಸಂಘರ್ಷವನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು: ವ್ಯಕ್ತಿಗೂ ವ್ಯಕ್ತಿಗೂ ನಡೆಯುವುದು, ವ್ಯಕ್ತಿಗೂ ಪ್ರಕೃತಿಗೂ ನಡೆಯುವುದು, ವ್ಯಕ್ತಿಗೂ ಸಮಾಜಕ್ಕೂ ನಡೆಯುವುದು, ವ್ಯಕ್ತಿಯ ಅಂತರಂಗದಲ್ಲಿಯೇ ನಡೆಯುವುದು. ವಿಧಿಯೊಡನೆ ನಡೆಯುವ ಹೋರಾಟವನ್ನು ಐದನೆಯದಾಗಿ ಎಣಿಸುವವರೂ ಉಂಟು. ಪಾಠ ಹೇಳುವವರಿಗೂ ಕಲಿಯುವವರಿಗೂ ಈ ವಿಂಗಡಣೆ ಉಪಕಾರಿಯೇ ಸರಿ. ಆದರೆ ಕೃತಿಯ ಮೇಲೆ ಬಗೆಯ ಹೆಸರನ್ನು ಬರೆದು ಅಂಕ ಗಳಿಸಿದ ವಿದ್ಯಾರ್ಥಿಗೆ ಆ ಕೃತಿಯ ಸಂಕಟವು ಮುಟ್ಟಿತೆಂದು ಹೇಳಲಾಗದು. ಬಗೆಯನ್ನು ಗುರುತಿಸುವುದು ಹೊಸ್ತಿಲನ್ನು ದಾಟಿದಂತೆ. ಒಳಮನೆ ಇನ್ನೂ ಮುಂದಿದೆ.

ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ವನ್ನು ನೋಡಬಹುದು. ಮೇಲುನೋಟಕ್ಕೆ ಅದು ಭೀಮ ದುರ್ಯೋಧನರ ವೈರದ ಕಾವ್ಯ. ಆದರೆ ಗದೆಗಳು ತಾಗುವ ಮೊದಲೇ ಕವಿಯು ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಶವಗಳನ್ನು ಕಂಡು ಅವನು ಮರುಗುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಭೀಷ್ಮನು ಸಂಧಿಯ ಮಾತನ್ನಾಡಿದಾಗ ಬದುಕುವ ದಾರಿ ಅವನಿಗೆ ತೆರೆದೇ ಇರುತ್ತದೆ. ಮಡಿದವರ ಋಣವನ್ನು ನೆನೆದು ಅವನು ಅದನ್ನು ಒಲ್ಲೆನೆನ್ನುತ್ತಾನೆ. ಹೊರಗಿನ ವೈರಿ ಭೀಮನಾದರೆ, ಒಳಗೆ ಬಾಳಿನ ಆಸೆಯೂ ಮೈತ್ರಿಯ ನಿಷ್ಠೆಯೂ ಹೋರಾಡುತ್ತವೆ.

ಶಿವರಾಮ ಕಾರಂತರ 'ಬೆಟ್ಟದ ಜೀವ'ದ (1943) ಗೋಪಾಲಯ್ಯನವರ ಎದುರಾಳಿ ಮಲೆನಾಡಿನ ಕಾಡು. ಆನೆ, ಹುಲಿ, ಮಳೆಗಳೊಡನೆ ಹೆಣಗಿ ಅವರು ತೋಟ ಗದ್ದೆಗಳನ್ನು ಎಬ್ಬಿಸಿದ್ದಾರೆ. ಪ್ರಕೃತಿಯೊಡನೆ ನಡೆದ ಆ ಹೋರಾಟದಲ್ಲಿ ಅವರು ಸೋತವರಲ್ಲ. ಅವರನ್ನು ಕೊರೆಯುವುದು ಮನೆ ಬಿಟ್ಟುಹೋದ ಮಗನ ಚಿಂತೆ. ಅದನ್ನು ಅವರು ನಗೆಮಾತಿನಲ್ಲಿ ಮರೆಸುತ್ತಾರೆ. ಕಾಡನ್ನು ಗೆದ್ದವರಿಗೂ ಈ ದುಃಖವನ್ನು ಗೆಲ್ಲುವುದು ಸುಲಭವಲ್ಲವೆಂಬುದೇ ಆ ಕೃತಿಯ ಮರ್ಮ.

ಅವರದೇ 'ಚೋಮನ ದುಡಿ' (1933) ವ್ಯಕ್ತಿಗೂ ಸಮಾಜಕ್ಕೂ ನಡೆಯುವ ಸಂಘರ್ಷಕ್ಕೆ ಶ್ರೇಷ್ಠ ನಿದರ್ಶನ. ತುಂಡು ನೆಲವನ್ನು ತಾನೇ ಬೇಸಾಯ ಮಾಡಬೇಕೆಂಬುದು ಚೋಮನ ಒಂದೇ ಆಸೆ. ಅಸ್ಪೃಶ್ಯನೆಂದು ಹೊರಗಿಟ್ಟವನಿಗೆ ಊರಿನ ಕಟ್ಟಳೆ ಅದನ್ನು ಕೊಡದು. ಹೊಳೆಯಲ್ಲಿ ಮುಳುಗುತ್ತಿದ್ದ ಅವನ ಮಗನನ್ನು ಮುಟ್ಟಿ ಎತ್ತುವ ಕೈಯೂ ಇಲ್ಲವಾಗುತ್ತದೆ. ಕೊನೆಗೆ ಮತಾಂತರಗೊಂಡರೆ ನೆಲ ಸಿಕ್ಕೀತೆಂದು ಹೊರಟವನು ತನ್ನ ದೈವದ ನೆನಪು ಕಾಡಿ ಹಿಂದಿರುಗುತ್ತಾನೆ. ಸಮಾಜದ ಅನ್ಯಾಯವು ಇಲ್ಲಿ ಒಬ್ಬ ಬಡವನ ಎದೆಯೊಳಗೆ ಹೊಕ್ಕು, ನೆಲದ ಆಸೆಯನ್ನೂ ದೈವಭಕ್ತಿಯನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸಿದೆ.

ಅಂತರಂಗದ ಸಂಘರ್ಷಕ್ಕೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ವಸಿಷ್ಠ ವಿಶ್ವಾಮಿತ್ರರ ವಾಗ್ವಾದದಿಂದ ಕಥೆ ಮೊದಲಾಗುತ್ತದೆ. ಇಬ್ಬರು ಋಷಿಗಳ ಜಗಳವು ಅರಸನ ಬಾಳನ್ನು ಹೊಕ್ಕು ರಾಜ್ಯವನ್ನೂ ಮಡದಿ ಮಗನನ್ನೂ ಒಂದೊಂದಾಗಿ ಕಸಿಯುತ್ತದೆ. ಶ್ಮಶಾನದಲ್ಲಿ ಚಂದ್ರಮತಿಯ ಮೇಲೆ ಕತ್ತಿ ಎತ್ತುವಾಗ ಅವನ ಎದುರಿಗೆ ದುಷ್ಟನಾರೂ ಇಲ್ಲ. ಒಂದು ಕಡೆ ಒಡೆಯನಿಗಿತ್ತ ಮಾತು, ಇನ್ನೊಂದು ಕಡೆ ಕೈಹಿಡಿದವಳ ಪ್ರಾಣ. ಎರಡೂ ಪೂಜ್ಯವಾದುವು.

ಈ ನಾಲ್ಕು ಕೃತಿಗಳಿಂದ ಹೊರಡುವ ತತ್ತ್ವ ಒಂದೇ. ಸಂಘರ್ಷವು ಹೊರಗೆ ಎಲ್ಲಿಯೇ ಹುಟ್ಟಲಿ, ಒಳಗೆ ಬಂದು ನೆಲಸಿದಾಗಲೇ ಅದು ರಸವಾಗಿ ಪರಿಣಮಿಸುತ್ತದೆ. ಒಳ್ಳೆಯದು ಕೆಟ್ಟದ್ದರೊಡನೆ ಹೋರಾಡಿದರೆ ಓದುಗನು ಯಾರ ಪಕ್ಷ ಹಿಡಿಯಬೇಕೆಂದು ಯೋಚಿಸಬೇಕಾದುದಿಲ್ಲ. ಎರಡು ಒಳಿತುಗಳೇ ಎದುರುಬದುರಾದಾಗ ಅವನ ವಿವೇಕ ಎಚ್ಚರಗೊಳ್ಳುತ್ತದೆ.

ಶರಣಸಾಹಿತ್ಯವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕುತ್ತಾನೆ. ಸಿದ್ಧರಾಮನು ಕೆರಳುತ್ತಾನೆ. ಲೋಕೋಪಕಾರವೂ ಒಳಿತೇ, ಆತ್ಮದ ಅರಿವೂ ಒಳಿತೇ. ಈ ಎರಡರ ಘರ್ಷಣೆ ಒಬ್ಬನ ಸೋಲಿನಲ್ಲಿ ಕೊನೆಗಾಣದೆ ಸಂವಾದವಾಗಿ ತಿರುಗಿ, ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತದೆ. ಎದುರಾಳಿಯನ್ನು ಕೆಡಹದೆ ಅವನ ಕಣ್ಣು ತೆರೆಸುವ ಸಂಘರ್ಷವೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಉಪಾಧ್ಯಾಯರು ಸಂಘರ್ಷದ ಬಗೆ ಯಾವುದೆಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಉಚಿತ: ಇಲ್ಲಿ ಯಾವ ಎರಡು ಮೌಲ್ಯಗಳು ಎದುರಾಗಿವೆ? ಒಂದನ್ನು ಉಳಿಸಿಕೊಳ್ಳಲು ಪಾತ್ರವು ಏನನ್ನು ತೆತ್ತಿತು? ಈ ಪ್ರಶ್ನೆಗಳಿಗೆ ಸಿದ್ಧ ಉತ್ತರವಿಲ್ಲ. ವಿದ್ಯಾರ್ಥಿಯು ಕೃತಿಯನ್ನು ಮತ್ತೆ ತೆರೆಯಲೇಬೇಕಾಗುತ್ತದೆ. ಶಾಲೆಯಿಂದ ಹೊರಬಿದ್ದವನಿಗೆ ತಾಯಿತಂದೆಗಳ ಸೇವೆಯೋ ದೂರದೂರಿನ ಉದ್ಯೋಗವೋ, ಸ್ನೇಹವೋ ನ್ಯಾಯವೋ ಎಂಬ ಇಕ್ಕಟ್ಟು ಒಂದಲ್ಲ ಒಂದು ದಿನ ಒದಗದೆ ಇರದು. ಆಗ ನಾಲ್ಕು ಬಗೆಗಳ ಹೆಸರು ಅವನ ನೆರವಿಗೆ ಬಾರದು. ಆಯ್ಕೆಗೆ ಬೆಲೆ ತೆರಲೇಬೇಕೆಂದು ಕಾವ್ಯದಿಂದ ಕಲಿತ ಅರಿವು ಬರುತ್ತದೆ.