ಕೋಡಿ ಬಿದ್ದರೂ ಕೊಳಾಯಿಗೆ ನೀರು ಬರಬೇಕಾದರೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆದರೆ ಜಲಾಶಯ ತುಂಬಿದ ಮಾತ್ರಕ್ಕೆ ಚಿತ್ರದುರ್ಗದ ಕೊಳಾಯಿಗಳಲ್ಲಿ ನೀರು ಬಂದೀತೆ? ಊರು ಎತ್ತರದಲ್ಲಿದೆ, ನೀರನ್ನು ಪಂಪಿನಿಂದ ಮೇಲೆತ್ತಬೇಕು. ಪಂಪನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಈ ಎರಡನ್ನೂ ಜೋಡಿಸುವ ಅಂಗವೇ ಕಪ್ಲಿಂಗ್.

ಮೋಟಾರಿನ ಶಾಫ್ಟು ಪಂಪಿನ ಶಾಫ್ಟಿಗೆ ಕೊಡುವುದು ತಿರುಚುವ ಬಲ. 100 ಕಿಲೋವ್ಯಾಟ್ ಮೋಟಾರು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆಯೆನ್ನಿ. ಒಂದು ಮೀಟರ್ ಉದ್ದದ ಹಾರೆಯನ್ನು ಶಾಫ್ಟಿಗೆ ಅಡ್ಡಲಾಗಿ ಬಿಗಿದು, ಅದರ ತುದಿಗೆ 65 ಕಿಲೋ ತೂಕದ ಆಳು ಜೋತುಬಿದ್ದರೆ ಎಷ್ಟು ತಿರುಚುಬಲವೋ ಹೆಚ್ಚುಕಡಿಮೆ ಅಷ್ಟು. ಅದೇ ಶಕ್ತಿಯಲ್ಲಿ ವೇಗ ಅರ್ಧವಾದರೆ ಈ ಬಲ ಇಮ್ಮಡಿಯಾಗುತ್ತದೆ.

ಹಾಗಾದರೆ ಎರಡು ಶಾಫ್ಟುಗಳನ್ನೂ ಬಿಗಿಯಾಗಿ ಬೆಸೆದುಬಿಡಬಾರದೆ? ಬಾರದು. ಯಂತ್ರ ಬಿಸಿಯಾದರೆ ಲೋಹ ಹಿಗ್ಗುತ್ತದೆ, ಅಡಿಪಾಯ ಕೂದಲೆಳೆಯಷ್ಟು ಕುಸಿಯುತ್ತದೆ. ಶಾಫ್ಟುಗಳ ನೇರ ತಪ್ಪುತ್ತದೆ. ಆಗ ಬೇರಿಂಗ್ ಸವೆದು, ಕೊನೆಗೆ ಶಾಫ್ಟೇ ಮುರಿಯಬಹುದು. ನೊಗದ ಹಗ್ಗದಲ್ಲಿ ತುಸು ಸಡಿಲವಿದ್ದರೆ ತಾನೆ ಎತ್ತಿನ ಕತ್ತು ಉಳಿಯುವುದು!

ದೊಡ್ಡ ಯಂತ್ರಗಳಲ್ಲಿ ಈ ಸಡಿಲವನ್ನು ಒದಗಿಸುವ ಒಂದು ಬಗೆ ಗೇರ್ ಕಪ್ಲಿಂಗ್. ಪ್ರತಿ ಶಾಫ್ಟಿನ ತುದಿಗೂ ಹೊರಮೈಯಲ್ಲಿ ಹಲ್ಲುಗಳಿರುವ ಗುಂಬವೊಂದನ್ನು ತೊಡಿಸುತ್ತಾರೆ. ಅದರ ಮೇಲೆ ಒಳಮೈಯಲ್ಲಿ ಅಷ್ಟೇ ಹಲ್ಲುಗಳುಳ್ಳ ಬಳೆ ಕೂರುತ್ತದೆ. ಎರಡು ಬಳೆಗಳನ್ನೂ ಬೋಲ್ಟುಗಳಿಂದ ಸೇರಿಸುತ್ತಾರೆ. ಬಲವು ಮೋಟಾರಿನ ಗುಂಬದಿಂದ ಬಳೆಗೆ, ಬಳೆಯಿಂದ ಪಂಪಿನ ಗುಂಬಕ್ಕೆ ಸಾಗುತ್ತದೆ. ಹಲ್ಲುಗಳ ಎಣಿಕೆ ಸಮವಾದ್ದರಿಂದ ವೇಗ ಬದಲಾಗುವುದಿಲ್ಲ. ಬಲ ಅನೇಕ ಹಲ್ಲುಗಳಲ್ಲಿ ಹಂಚಿಹೋಗುವುದರಿಂದ ಚಿಕ್ಕ ಕಪ್ಲಿಂಗೂ ದೊಡ್ಡ ಹೊರೆ ಹೊರುತ್ತದೆ. ಗುಂಬದ ಹಲ್ಲುಗಳ ನಡುಮೈ ತುಸು ಉಬ್ಬಿರುತ್ತದೆ. ಶಾಫ್ಟು ಕೊಂಚ ಓರೆಯಾದರೂ ಹಲ್ಲು ಬಳೆಯೊಳಗೆ ಹೊರಳಿ ಹೊಂದಿಕೊಳ್ಳುತ್ತದೆ.

ಹೀಗೆ ಹೊಂದಿಕೊಳ್ಳುವಾಗ ಪ್ರತಿ ಸುತ್ತಿನಲ್ಲೂ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಆದ್ದರಿಂದ ಒಳಗೆ ಗ್ರೀಸು ಇರಲೇಬೇಕು. ಗ್ರೀಸು ಒಣಗಿದರೆ ಹಲ್ಲು ಸವೆದು ನುಣ್ಣಗಾಗುತ್ತದೆ. ಕಡೆಗೊಂದು ದಿನ ಮೋಟಾರು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಪಂಪು ನಿಂತಿರುತ್ತದೆ. ಕಪ್ಲಿಂಗ್ ಓರೆಯನ್ನು ಸಹಿಸುತ್ತದೆಂದು ಶಾಫ್ಟುಗಳ ನೇರ ನೋಡದೆ ಕೂಡಿಸುವುದೂ ತಪ್ಪು; ಆ ಸಹನೆಗೆ ಮಿತಿಯುಂಟು.

ಕೋಡಿ ಬಿದ್ದ ನೀರನ್ನು ನೋಡಲು ಊರಿಗೆ ಊರೇ ಹೋಗುತ್ತದೆ. ಪಂಪ್‌ಹೌಸಿನಲ್ಲಿ ಹೊತ್ತಿಗೆ ಸರಿಯಾಗಿ ಗ್ರೀಸು ತುಂಬುವವನನ್ನು ಯಾರೂ ನೋಡುವುದಿಲ್ಲ. ಬೆಳಗಿನ ಬಿಂದಿಗೆ ತುಂಬುವುದರಲ್ಲಿ ಅವನ ಪಾಲೂ ಇದೆ.