ಅಡಕೆತೋಟದ ಆಯವ್ಯಯದಲ್ಲಿ ಸೊಪ್ಪಿನ ಬೆಟ್ಟದ ಸ್ಥಾನ

ತೋಟವೊಂದು ಲಾಭದಾಯಕವೇ ಅಲ್ಲವೇ ಎಂಬುದನ್ನು ನಿರ್ಣಯಿಸುವಾಗ ಅಡಕೆಯ ಮಾರಾಟದಿಂದ ಬಂದ ಹಣವನ್ನೂ ಕೂಲಿ, ಔಷಧ, ಸಾಗಣೆಗಳಿಗೆ ತೆತ್ತ ಹಣವನ್ನೂ ತೂಗಿನೋಡುವುದು ವಾಡಿಕೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಮಟ್ಟಿಗೆ ಈ ಲೆಕ್ಕ ಅಪೂರ್ಣವಾದುದು. ಅಲ್ಲಿಯ ತೋಟ ತನ್ನ ಮೇರೆಯೊಳಗೆ ಮಾತ್ರ ಬದುಕುವುದಿಲ್ಲ. ಅದರ ಅರ್ಧ ಜೀವ ಪಕ್ಕದ ಬೆಟ್ಟದಲ್ಲಿದೆ.

ಆ ಸೀಮೆಯಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವುಂಟು. ಭೂಮಿ ಸರ್ಕಾರದ್ದು, ಸೊಪ್ಪು, ದರಕುಗಳನ್ನು ತರುವ ಹಕ್ಕು ಮಾತ್ರ ತೋಟಿಗನದು. ಹಸುರು ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲ್ತುಳಿತಕ್ಕೆ ಸಿಕ್ಕಿ, ಗೊಬ್ಬರವಾಗಿ ಮರದ ಬುಡವನ್ನು ಸೇರುತ್ತದೆ. ಇದರ ಪ್ರಮಾಣವನ್ನು ಗಮನಿಸಬೇಕು. ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ 12 ಕಿಲೋಗ್ರಾಂ ಹಸುರೆಲೆ, ಅಷ್ಟೇ ಕೊಟ್ಟಿಗೆ ಗೊಬ್ಬರ, ಜೊತೆಗೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಬೇಕೆಂಬುದು ತಜ್ಞರ ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳಾಗುತ್ತವೆ. ಅಂದರೆ ಹಸುರೆಲೆಯೊಂದೇ 6,600 ಕಿಲೋಗ್ರಾಂ! ಇಷ್ಟನ್ನು ಪೇಟೆಯಲ್ಲಿ ಕೊಳ್ಳುವ ಪ್ರಸಂಗ ಬಂದಿದ್ದರೆ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಪುಟವೇ ಮೀಸಲಾಗುತ್ತಿತ್ತು. ಬೆಲೆಯಿಲ್ಲದೆ ದೊರೆಯುವುದರಿಂದ ಒಂದು ಸಾಲೂ ಇಲ್ಲ.

ಇಲ್ಲಿಯೇ ತೊಡಕಿರುವುದು. ಮರದ ತಲೆಯನ್ನು ಉಳಿಸಿ ಕೆಳಗಣ ಕೊಂಬೆಗಳನ್ನು ಮಾತ್ರ ಸವರಿ, ಬೆಟ್ಟದ ಒಂದೊಂದು ಭಾಗಕ್ಕೆ ಸರದಿಯಂತೆ ವಿಶ್ರಾಂತಿ ಕೊಟ್ಟರೆ ಸೊಪ್ಪು ವರ್ಷವರ್ಷವೂ ಕೈಸೇರುವ ಬಡ್ಡಿಯಾಗುತ್ತದೆ. ಎಲ್ಲವನ್ನೂ ಪ್ರತಿವರ್ಷ ಬೋಳಿಸಿದರೆ ತಿನ್ನುತ್ತಿರುವುದು ಬಡ್ಡಿಯನ್ನಲ್ಲ, ಅಸಲನ್ನು. ಆದರೆ ಎರಡು ಸಂದರ್ಭಗಳಲ್ಲಿಯೂ ಪುಸ್ತಕ ತೋರಿಸುವ ಲಾಭ ಒಂದೇ. ರಾಸಾಯನಿಕ ಗೊಬ್ಬರದಿಂದ ಪೋಷಕಾಂಶಗಳ ಕೊರತೆ ನೀಗೀತು. ಮಳೆನೀರನ್ನು ಹೀರಿ ಹಿಡಿದಿಡುವ ಎಲೆಗೊಬ್ಬರದ ಕೆಲಸವನ್ನು ಅದು ಮಾಡಲಾರದು. ಬೆಟ್ಟ ಬೋಳಾದಮೇಲೆ ಬೇಸಗೆಯಲ್ಲಿ ತೋಟದ ಒರತೆ ಬತ್ತುವುದನ್ನು ದುರದೃಷ್ಟವೆಂದು ಬಗೆಯುವವರೂ ಇದ್ದಾರೆ.

ಉಳಿದ ಬಾಬುಗಳು ಇಷ್ಟು ಗೂಢವಲ್ಲ. ಕೊಳೆರೋಗದ ಬಗ್ಗೆ ಲೆಸ್ಲಿ ಕೋಲ್ಮನ್ನರ ಅಧ್ಯಯನವನ್ನು ಮೈಸೂರು ಕೃಷಿ ಇಲಾಖೆ 1910ರಲ್ಲಿ ಪ್ರಕಟಿಸಿತು. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು 40 ದಿನಗಳ ಬಳಿಕ ಇನ್ನೊಮ್ಮೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಇಂದಿಗೂ ಮುಖ್ಯ ರಕ್ಷಣೆ. ಬೆಲೆಯ ಏರಿಳಿತಕ್ಕೆ ಸಹಕಾರಿ ಮಾರಾಟವೊಂದು ಆಸರೆ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಷ್ಟು ಹಿಂದಿನದು. ಮೆಣಸಿನ ಬಳ್ಳಿ, ಬಾಳೆ, ಏಲಕ್ಕಿಗಳು ಒಂದೇ ಬೆಳೆಯನ್ನು ನೆಚ್ಚಿದ ಅಪಾಯವನ್ನು ಕುಗ್ಗಿಸುತ್ತವೆ.

ಹಾಗಾದರೆ ಸೊಪ್ಪಿಗೆ ಬೆಲೆ ಕಟ್ಟುವುದೆಂತು? ಒಂದು ಹೊರೆಯನ್ನು ಕಡಿದು ತರಲು ತಗಲುವ ಹೊತ್ತಿಗೆ, ಮನೆಯವರೇ ತಂದರೂ, ಊರಿನ ಕೂಲಿದರವನ್ನು ಹಚ್ಚುವುದು ಮೊದಲ ಹೆಜ್ಜೆ. ಸವರಿದ ಭಾಗದಲ್ಲಿ ಸಸಿ ನೆಟ್ಟು ಬೇಲಿ ಕಟ್ಟುವ ವೆಚ್ಚವನ್ನು ಸವಕಳಿಯೆಂದು ಆಯಾ ವರ್ಷವೇ ಬರೆದಿಡುವುದು ಎರಡನೆಯದು. ಹೀಗೆ ಬರೆದಾಗ, ಉದುರಿದ ಸೋಗೆ, ಹಾಳೆಗಳನ್ನು ಸುಡದೆ ಎರೆಗೊಬ್ಬರ ಮಾಡುವ ಶ್ರಮ ದುಬಾರಿಯೆಂದು ಯಾವ ತೋಟಿಗನಿಗೂ ತೋರಲಾರದು.