ಮೈದನಹಳ್ಳಿಯ ಹುಲ್ಲುಬಯಲು

ರಜೆ ಬಂತೆಂದರೆ ಬೆಂಗಳೂರಿನ ಕಾರುಗಳು ನಂದಿಬೆಟ್ಟಕ್ಕೋ ಬಂಡೀಪುರಕ್ಕೋ ಸಾಲುಗಟ್ಟುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೊರಟೆ ಎಂದರೆ ‘ಅಲ್ಲೇನಿದೆ ನೋಡೋಕೆ?’ ಎನ್ನುತ್ತಾರೆ. ಅಲ್ಲಿರುವುದು 798 ಎಕರೆ ಬಯಲು. 2007ರಲ್ಲಿ ಸರ್ಕಾರ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಬಿಸಿಲೇರುವ ಮುಂಚೆ ಮಣ್ಣುದಾರಿಯ ಪಕ್ಕ ಒಂದು ಹಿಕ್ಕೆಯ ಗುಡ್ಡೆ ಕಂಡಿತು. ಮೇಲಿನವು ಕರ್ರಗೆ, ಇನ್ನೂ ಹಸಿ. ಅಡಿಯಲ್ಲಿರುವವು ಒಣಗಿ ಬೂದುಬಣ್ಣಕ್ಕೆ ತಿರುಗಿವೆ. ಗಂಡು ಕೃಷ್ಣಮೃಗ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ ತನ್ನ ಗಡಿ ಗುರುತಿಸುತ್ತದೆ. ದೂರದಲ್ಲೇ ಕೂತು ಕಾದೆ. ಅದು ಬಂತು: ಕಪ್ಪು ಮೈ, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಬಳೆ, ತಿರುಚಿದ ಕೊಂಬು. ಒಂದು ಕಡ್ಡಿಯ ತುದಿಗೆ ಕಣ್ಣಿನ ಕೆಳಗಿನ ಗ್ರಂಥಿಯನ್ನು ಮೆಲ್ಲನೆ ಒತ್ತಿ, ವಾಸನೆ ಅಂಟಿಸಿ, ತಲೆಯೆತ್ತಿ ನಿಂತಿತು. ಆಚೆ ಕಂದು ಹೆಣ್ಣುಗಳು ಮೇಯುತ್ತಲೇ ಇದ್ದವು. ನಾಯಿಯೊಂದು ಅಂಚಿನಲ್ಲಿ ಕಾಣಿಸಿದ್ದೇ ತಡ, ಒಂದು ಹೆಣ್ಣು ನೆಗೆಯಿತು; ಹಿಂದೆಯೇ ಇಡೀ ಹಿಂಡು ಚೆಂಡು ಪುಟಿದಂತೆ ಹಾರಿ ಓಡಿತು.

ಕೃಷ್ಣಮೃಗಕ್ಕೆ ದೂರ ಕಾಣುವ ಕಣ್ಣು ಮತ್ತು ಓಟವೇ ರಕ್ಷಣೆ. ಮರೆಯಿಲ್ಲದ ನೆಲವೇ ಅದಕ್ಕೆ ಕಾಡು. ಇಂಥ ಬಯಲುಗಳನ್ನು ಬಂಜರೆಂದು ಲೆಕ್ಕ ಹಾಕಿ, ಎಷ್ಟೋ ಕಡೆ ಸಾಲುಸಾಲು ನೀಲಗಿರಿ ನೆಟ್ಟಿದ್ದೇವೆ. ಹುಲ್ಲಿನ ಮೇಲೆ ನೆರಳು ಕವಿಸಿ ಹಸಿರೀಕರಣ ಎನ್ನುವುದು ತಪ್ಪು. ಅದು ಒಂದು ಆವಾಸವನ್ನು ಅಳಿಸುವ ಕೆಲಸ.

ಬಿಸಿಲು ಬಲಿತ ಮೇಲೂ ಎದ್ದು ಹೋಗಬೇಕೆನಿಸಲಿಲ್ಲ. ಕರಿಹೊಟ್ಟೆಯ ಪುಟ್ಟ ನೆಲಗುಬ್ಬಿಯೊಂದು ರೆಕ್ಕೆ ಬಡಿಯುತ್ತ ಮೇಲೇರಿ, ರೆಕ್ಕೆ ಮಡಿಚಿ ಸಿಳ್ಳೆ ಹಾಕುತ್ತ ಕೆಳಗೆ ಬಿತ್ತು. ಮತ್ತೆ ಏರಿತು, ಮತ್ತೆ ಬಿತ್ತು. ಕೊನೆಗೆ ನೆಲಕ್ಕಿಳಿದದ್ದೇ ಮಣ್ಣಿನಲ್ಲಿ ಮಣ್ಣಾಯಿತು. ಜಾಗ ಗೊತ್ತಿದ್ದರೂ ಹಕ್ಕಿ ಕಾಣಲಿಲ್ಲ. ಸಫಾರಿ ಜೀಪಿನ ಗಡಿಬಿಡಿಯಲ್ಲಿ ಇಂಥದ್ದು ಯಾರ ಕಣ್ಣಿಗೂ ಬೀಳದು.

ಹೋಗುವವರು ವಾಹನವನ್ನು ದಾರಿಯಲ್ಲೇ ನಿಲ್ಲಿಸಿ, ಹುಲ್ಲಿನ ಮೇಲೆ ಓಡಿಸಬೇಡಿ. ಈ ನೆಲಗುಬ್ಬಿ ಗೂಡು ಕಟ್ಟುವುದು ನೆಲದ ಸಣ್ಣ ಗುಳಿಯಲ್ಲಿ, ಕೆಲವೊಮ್ಮೆ ದನದ ಗೊರಸಿನ ಗುರುತಿನಲ್ಲೇ. ಸುತ್ತ ನಾಲ್ಕು ಹರಳು ಇಟ್ಟಿರುತ್ತದೆ, ಅಷ್ಟೇ. ಹೆಜ್ಜೆ ಇಡುವ ಮುನ್ನ ನೆಲ ನೋಡಿ.